ಹೇಮಕುಂಡಕ್ಕೆ ಹೊರಡುವ ಮೊದಲು: ಬೆಳಗಾವಿ ಕ್ಯಾಂಪಿನ ಚಾರಣ ಸಾಮಗ್ರಿ ಅಂಗಡಿಯ ಬಗ್ಗೆ

ಹಿಮಾಲಯದ ಎತ್ತರದ ಸರೋವರವೊಂದಕ್ಕೆ ಬೆಳಗಿನ ಜಾವ ಹತ್ತಲು ಹೊರಟು ಸಂಜೆಯೊಳಗೆ ಇಳಿದು ಬರುವ ಆಸೆಯುಳ್ಳ ಬೆಳಗಾವಿ ಸೀಮೆಯವರು, ರೈಲಿನ ಟಿಕೆಟ್ ತೆಗೆಸುವುದಕ್ಕಿಂತ ಮೊದಲೇ ಕ್ಯಾಂಪ್ ಭಾಗದ ಈ ಅಂಗಡಿಗೆ ಹೋಗಿ ಒಂದು ಗಂಟೆ ಕುಳಿತು ಬರಬೇಕು ಎಂದು ನಾನು ಒತ್ತಾಯದಿಂದಲೇ ಹೇಳುತ್ತೇನೆ. ನಾವು ಟಿಕೆಟ್ ತೆಗೆಸಿದ ಮೇಲೆ ಹೋದೆವು. ಅದರಿಂದಾದ ಪೇಚಾಟವನ್ನು ಮುಂದೆ ಬರೆದಿದ್ದೇನೆ. ಇದು ಚಾರಣದ ಸಾಮಾನುಗಳನ್ನು ಮಾರುವ ಮತ್ತು ಬಾಡಿಗೆಗೆ ಕೊಡುವ ಸಣ್ಣ ಅಂಗಡಿ. ನಡೆಸುವವರು ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ನಿವೃತ್ತರಾದ ಸುಬೇದಾರರು. ಸೇವೆಯ ಬಹುಭಾಗವನ್ನು ಎತ್ತರದ ಠಾಣೆಗಳಲ್ಲಿ ಕಳೆದವರು. ನಾನು ಶಹಾಪುರ ಭಾಗದ ಪ್ರೌಢಶಾಲೆಯೊಂದರ ಶಿಕ್ಷಕಿ. ಕಳೆದ ಸೆಪ್ಟೆಂಬರಿನ ಮೊದಲ ವಾರದಲ್ಲಿ ನಾನು, ನನ್ನ ಯಜಮಾನರು, ನಾದಿನಿ ಮತ್ತು ಆಕೆಯ ಪತಿ, ಹೀಗೆ ಐವತ್ತರ ಆಸುಪಾಸಿನ ನಾಲ್ವರು ಉತ್ತರಾಖಂಡದಲ್ಲಿರುವ ಸಿಖ್ಖರ ಯಾತ್ರಾಸ್ಥಳ ಹೇಮಕುಂಡಕ್ಕೆ ಹೋಗಿಬಂದೆವು. ಅಂಗಡಿಯಲ್ಲಿ ಪಡೆದ ಸಲಹೆಯೂ ಸಾಮಾನೂ ಅಲ್ಲಿ ಹೇಗೆ ಒದಗಿದವು, ಎಲ್ಲಿ ಕೈಕೊಟ್ಟವು ಎಂಬುದನ್ನು ಮುಂದೆ ಹೋಗುವವರಿಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ದಿನ ನಾವು ಕೇಳಿದ್ದು ನಾಲ್ಕು ಜಾಕೆಟ್ ಮಾತ್ರ. ಸುಬೇದಾರರು ಜಾಕೆಟ್ ತೋರಿಸಲಿಲ್ಲ. ಸ್ಟೂಲು ಎಳೆದು ಕೂರಿಸಿ, "ಎಲ್ಲಿಗೆ ಹೊಂಟೀರಿ, ಕೈಯಾಗ ಎಷ್ಟು ದಿನ ಅದಾವು, ಅದನ್ನ ಮೊದಲ ಹೇಳ್ರಿ ಅಕ್ಕಾರ. ಜಾಕೆಟ್ ಎಲ್ಲಿ ಓಡಿ ಹೋಗೂದಿಲ್ಲ" ಎಂದರು. ಹೇಮಕುಂಡ ಎಂದೊಡನೆ ಗೋಡೆಗೆ ಅಂಟಿಸಿದ್ದ ನಕ್ಷೆಯ ಮುಂದೆ ನಮ್ಮನ್ನು ನಿಲ್ಲಿಸಿ ದಾರಿಯನ್ನು ಬೆರಳಿನಿಂದ ತೋರಿಸಿದರು. ಗೋವಿಂದಘಾಟ್‌ನಿಂದ ಪುಲ್ನಾವರೆಗೆ ಜೀಪು, ಅಲ್ಲಿಂದ ನದಿಯ ದಂಡೆಗುಂಟ ನಡೆದು 3,049 ಮೀಟರ್ ಎತ್ತರದ ಘಾಂಗರಿಯಾ, ಅಲ್ಲಿಂದ 6 ಕಿಲೋಮೀಟರ್ ಕಡಿದಾದ ಏರಿನ ತುದಿಯಲ್ಲಿ ಸರೋವರ. ಸರೋವರದ ಎತ್ತರವನ್ನು ಒಂದೊಂದು ಕಡೆ ಒಂದೊಂದು ಬಗೆಯಾಗಿ ಬರೆದಿರುತ್ತಾರೆ. ಅದು 4,000 ಮೀಟರಿಗಿಂತ ಮೇಲಿದೆ ಎಂಬುದನ್ನು ಹಿಡಿದುಕೊಂಡು, ಘಾಂಗರಿಯಾದಿಂದ ಸುಮಾರು 1,100 ಮೀಟರ್ ಏರಬೇಕೆಂದು ಲೆಕ್ಕ ಹಾಕಿಕೊಳ್ಳಿ ಎಂದರು. ನಮ್ಮ ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. 4,000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ರಷ್ಟಕ್ಕೆ ಇಳಿದಿರುತ್ತದೆ, ಅಂದರೆ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆಯಾಗಿರುತ್ತದೆ ಎಂಬುದನ್ನು ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ. ಅದು ನನ್ನದೇ ಎದೆಗೂ ಅನ್ವಯಿಸುವ ಸಂಗತಿ ಎಂದು ಹೊಳೆದದ್ದು ಆ ನಕ್ಷೆಯ ಮುಂದೆ ನಿಂತಾಗ.

ಈ ಅಂಗಡಿಯ ನಿಜವಾದ ಸೇವೆ ಎಂದು ನಾನು ಭಾವಿಸುವುದು ಅವರು ಬರೆದುಕೊಡುವ ಒಂದು ಹಾಳೆಯನ್ನು. ಇಡೀ ತಂಡಕ್ಕೆ ನಾಲ್ಕುನೂರು ರೂಪಾಯಿ ತೆಗೆದುಕೊಂಡು, ಹತ್ತುವ ದಿನದ ಗಂಟೆ ಗಂಟೆಯ ಲೆಕ್ಕವನ್ನು ನಮ್ಮ ಎದುರಿಗೇ ಕೂಡಿಸಿ ಕಳೆದು ಬರೆಯುತ್ತಾರೆ. ಲೆಕ್ಕಕ್ಕೆ ಆಧಾರ 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಹಾಕಿಕೊಟ್ಟ ನಿಯಮ: ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 6 ಕಿಲೋಮೀಟರಿಗೆ 1 ಗಂಟೆ 12 ನಿಮಿಷ, 1,100 ಮೀಟರ್ ಏರಿಗೆ 1 ಗಂಟೆ 50 ನಿಮಿಷ, ಒಟ್ಟು ಮೂರು ಗಂಟೆ. ನನ್ನ ಯಜಮಾನರು ಇಷ್ಟೇನಾ ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಸುಬೇದಾರರು ತೆಳುವಾದ ಗಾಳಿಗೂ ನಮ್ಮ ವಯಸ್ಸಿಗೂ ಸೇರಿಸಿ ಅದರ ಅರ್ಧವನ್ನು ಕೂಡಿಸಿದರು, ಕೂತು ದಣಿವಾರಿಸಿಕೊಳ್ಳಲು ಅರ್ಧ ತಾಸು ಕೊಟ್ಟರು; ಒಟ್ಟು ಐದು ತಾಸಾಯಿತು. ಬಳಿಕ ಲೆಕ್ಕವನ್ನು ತುದಿಯಿಂದ ಹಿಂದಕ್ಕೆ ತಂದರು. ಹೇಮಕುಂಡದಲ್ಲಿ ರಾತ್ರಿ ಉಳಿಯಲು ಅವಕಾಶವಿಲ್ಲ, ಮಧ್ಯಾಹ್ನ ಕಳೆಯುತ್ತಿದ್ದಂತೆ ಎಲ್ಲರೂ ಇಳಿಯಲೇಬೇಕು; ಮಳೆಗಾಲದಲ್ಲಿ ಮೋಡ ಕಟ್ಟಿ ಸುರಿಯುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ; ಒದ್ದೆಯಾದ ಕಲ್ಲುಹಾಸಿನ ಮೇಲೆ ಇಳಿಯಲು ಮೂರೂವರೆ ತಾಸು ಬೇಕು. ಆದ್ದರಿಂದ ಐದು ಗಂಟೆಗೆ ಹೊರಡುವುದು, ಹತ್ತಕ್ಕೆ ಸರೋವರ, ಮತ್ತು ಎಲ್ಲಿಯೇ ಇರಲಿ ಹನ್ನೆರಡಕ್ಕೆ ತಿರುಗುವುದು. ಹನ್ನೆರಡು ಎಂಬ ಅಂಕಿಯ ಸುತ್ತ ಕೆಂಪು ಮಸಿಯಿಂದ ಎರಡು ಸುತ್ತು ಹಾಕಿಕೊಟ್ಟರು.

ಹಾಳೆಯಲ್ಲಿ ಇನ್ನೆರಡು ಅಂಶಗಳಿದ್ದವು. ಅವನ್ನು ನಾವಾಗಿ ಎಂದೂ ಯೋಚಿಸುತ್ತಿರಲಿಲ್ಲ. ಒಂದು, ಯಾರಿಗಾದರೂ ಆಗದಿದ್ದರೆ ಅವರ ಜೊತೆ ಯಾರು ಇಳಿಯಬೇಕು ಎಂಬುದನ್ನು ಇಲ್ಲಿಯೇ, ಅಂಗಡಿಯ ಸ್ಟೂಲಿನ ಮೇಲೆ ಕುಳಿತೇ ನಿರ್ಧರಿಸಿ ಹೆಸರು ಬರೆಯಬೇಕು. ಮೇಲೆ ಹೋದ ಮೇಲೆ ಈ ಮಾತು ಎತ್ತಿದರೆ ಕಾಯಿಲೆಯಾದವರು ಸಂಕೋಚಕ್ಕೆ ಬಿದ್ದು ಬಾಯಿ ಬಿಡುವುದಿಲ್ಲ ಎಂದು ಅವರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಾದಿನಿಗೆ ನಾನು, ನಮ್ಮಿಬ್ಬರ ಗಂಡಂದಿರಿಗೆ ಒಬ್ಬರಿಗೊಬ್ಬರು ಎಂದು ಬರೆದೆವು. ಎರಡನೆಯದು, ಘಾಂಗರಿಯಾದಲ್ಲಿ ಹತ್ತುವ ಮೊದಲು ಒಂದು ದಿನ, ಹತ್ತಿದ ಮೇಲೆ ಕೈಯಲ್ಲಿ ಇನ್ನೊಂದು ದಿನ. ಮೊದಲ ದಿನ ಪಕ್ಕದ ಹೂಗಳ ಕಣಿವೆಯಲ್ಲಿ ನಿಧಾನವಾಗಿ ಓಡಾಡಿ ಮೈಯನ್ನು ಆ ಗಾಳಿಗೆ ಒಗ್ಗಿಸಲು; ಕೊನೆಯ ದಿನ ಮಳೆಗೋ ಅನಾರೋಗ್ಯಕ್ಕೋ ಬಲಿಯಾಗಬಹುದಾದ ದಿನಕ್ಕೆ ಬದಲಿಯಾಗಿ. ನಾವಾದರೋ ಹೋಗಿಬರುವ ಗೋವಾ ಎಕ್ಸ್‌ಪ್ರೆಸ್ ಟಿಕೆಟ್‌ಗಳನ್ನು ಆಗಲೇ ತೆಗೆಸಿ, ಘಾಂಗರಿಯಾದಲ್ಲಿ ಎರಡೇ ರಾತ್ರಿ ಇಟ್ಟುಕೊಂಡಿದ್ದೆವು. ವಾಪಸ್ ಟಿಕೆಟ್ ರದ್ದು ಮಾಡಿ ಎರಡು ದಿನ ಮುಂದಕ್ಕೆ ತೆಗೆಸಬೇಕಾಯಿತು. ವೇಟಿಂಗ್ ಲಿಸ್ಟ್ ಕನ್ಫರ್ಮ್ ಆಗುವವರೆಗೆ ಮನೆಯಲ್ಲಿ ಎಲ್ಲರಿಗೂ ಅಸಮಾಧಾನವಿತ್ತು. ಎರಡು ದಿನದ ರಜೆಗಾಗಿ ನಾನು ಮುಖ್ಯೋಪಾಧ್ಯಾಯರ ಮುಂದೆ ಮತ್ತೊಮ್ಮೆ ನಿಲ್ಲಬೇಕಾಯಿತು.

ಇನ್ನು ಸಾಮಾನಿನ ವಿಷಯ. ರೇನ್‌ಕೋಟಿನ ಬಗ್ಗೆ ಇಲ್ಲಿ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಮಳೆ ಎಂದರೇನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ ಎಂಬ ಭಾವನೆ ಬೆಳಗಾವಿ, ಖಾನಾಪುರದವರಾದ ನಮಗೆಲ್ಲ ಇದೆ. ಆಷಾಢದ ಮಳೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಶಾಲೆಗೆ ಹೋಗುವ ನನ್ನ ದಪ್ಪ ಪ್ಲಾಸ್ಟಿಕ್ ರೇನ್‌ಕೋಟು ಹನ್ನೆರಡು ವರ್ಷ ಬಾಳಿದ್ದು. ಅದೇ ಸಾಕು ಎಂದು ವಾದಿಸಿದೆ. ಸುಬೇದಾರರು ಎದುರಾಡಲಿಲ್ಲ. ಮರುದಿನ ಅದನ್ನೇ ತರಲು ಹೇಳಿ, ಐದು ಕಿಲೋ ಜೋಳ ತುಂಬಿದ ಚೀಲವನ್ನು ಬ್ಯಾಗಿನೊಳಗಿಟ್ಟು ಬೆನ್ನಿಗೆ ಹಾಕಿಸಿ, ಕೋಟು ತೊಡಿಸಿ, ಕಟ್ಟಡದ ಮೂರು ಮಹಡಿಯ ಮೆಟ್ಟಿಲುಗಳನ್ನು ಹತ್ತು ನಿಮಿಷ ಹತ್ತಿ ಇಳಿಯಲು ಹೇಳಿದರು. ಕೆಳಗೆ ಬಂದು ಕೋಟು ಬಿಚ್ಚಿದಾಗ ಒಳಭಾಗದಲ್ಲಿ ಹನಿಗಳು ಸಾಲುಗಟ್ಟಿದ್ದವು, ಕುಪ್ಪಸದ ಬೆನ್ನು ಹಿಂಡುವಂತೆ ನೆನೆದಿತ್ತು. ಹೊರಗೆ ಒಂದು ಹನಿ ಮಳೆಯಿರಲಿಲ್ಲ. "ಮ್ಯಾಲಿನ ನೀರು ತಡದ್ರ ಆಗೂದಿಲ್ಲರಿ, ಒಳಗಿನ ನೀರು ಹೊರಗ ಹೋಗಬೇಕು. ಅಲ್ಲೆ ಕುಂತ ಮ್ಯಾಲ ಈ ಬೆವರ ನಿಮ್ಮನ್ನ ನಡಗಸ್ತೈತಿ" ಎಂದರು. ಕುಳಿತು ಸ್ಕೂಟರ್ ಓಡಿಸುವವರ ಕೋಟು ಬೇರೆ, ಏರು ಹತ್ತುವವರ ಕೋಟು ಬೇರೆ. ಪ್ರತಿ 1,000 ಮೀಟರ್ ಎತ್ತರಕ್ಕೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇಳಿಯುವ ಜಾಗದಲ್ಲಿ, ಗಾಳಿಗೆ ನಿಂತ ಒದ್ದೆ ಮೈ ಎಷ್ಟು ಬೇಗ ತಣ್ಣಗಾಗುತ್ತದೆ ಎಂಬುದನ್ನು ಆಮೇಲೆ ಅನುಭವದಿಂದ ತಿಳಿದೆ. ಕಂಕುಳಲ್ಲಿ ಜಿಪ್ ಇರುವ, ಬೆವರಿನ ಆವಿಯನ್ನು ಹೊರಬಿಡುವ ಬಟ್ಟೆಯ ಹಗುರವಾದ ಕೋಟನ್ನು ಬಾಡಿಗೆಗೆ ತೆಗೆದುಕೊಂಡೆ. ಅದರ ಜೊತೆಗೆ ಹತ್ತಿ ಬಟ್ಟೆಯನ್ನು ಪೂರ್ತಿ ಬಿಡಿಸಿದರು. ನೆನೆದ ಹತ್ತಿ ಬೇಗ ಒಣಗದೆ ಮೈಯ ಕಾವನ್ನು ಹೀರುತ್ತದೆ. ಹಕ್ಕಿಯ ಪುಕ್ಕ ತುಂಬಿದ ದುಬಾರಿ ಜಾಕೆಟ್ ಅಂಗಡಿಯಲ್ಲಿದ್ದರೂ ಅದನ್ನು ಕೊಡಲಿಲ್ಲ: ಪುಕ್ಕ ನೆನೆದರೆ ಮುದ್ದೆಯಾಗಿ ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತದೆ, ಮಳೆಗಾಲಕ್ಕೆ ಫ್ಲೀಸ್ (ಕೃತಕ ನೂಲಿನ ಬೆಚ್ಚನೆಯ ಬಟ್ಟೆ) ಸಾಕು ಎಂದರು. ಹೆಚ್ಚು ಬಾಡಿಗೆ ಬರುವ ವಸ್ತುವನ್ನು ಬೇಡವೆಂದ ಅಂಗಡಿಕಾರರನ್ನು ನಾನು ಹೆಚ್ಚು ಕಂಡಿಲ್ಲ.

ಬೂಟುಗಳನ್ನು ಮಾತ್ರ ಅವರು ಬಾಡಿಗೆಗೆ ಕೊಡುವುದಿಲ್ಲ, ಕೊಳ್ಳಲೇಬೇಕು. ಇನ್ನೊಬ್ಬರ ಪಾದಕ್ಕೆ ಒಗ್ಗಿದ ಬೂಟು ನಮ್ಮ ಪಾದವನ್ನು ಕೆಡಿಸುತ್ತದೆ ಎಂಬುದು ಅವರ ಕಟ್ಟುನಿಟ್ಟಿನ ಅಭಿಪ್ರಾಯ. ಅಂಗಡಿಯ ಮೂಲೆಯಲ್ಲಿ ಇಳಿಜಾರಾಗಿ ಜೋಡಿಸಿದ ಹಲಗೆಯೊಂದಿದೆ. ಉಣ್ಣೆಯ ಕಾಲುಚೀಲದ ಮೇಲೆ ಬೂಟು ಹಾಕಿಸಿ, ಹಲಗೆಯ ಮೇಲೆ ತಗ್ಗಿಗೆ ಮುಖ ಮಾಡಿ ನಿಲ್ಲಿಸಿ, ಹೆಬ್ಬೆರಳು ಮುಂದಕ್ಕೆ ತಾಗುತ್ತದೆಯೇ ಎಂದು ಕೇಳುತ್ತಾರೆ. ತಾಗಿದರೆ ಇಳಿಯುವಾಗ ಉಗುರು ಕಪ್ಪಾಗುವುದು ಖಂಡಿತ. ನನಗೆ ದಿನಬಳಕೆಯ ಅಳತೆಗಿಂತ ಒಂದು ನಂಬರ್ ದೊಡ್ಡದು ಸರಿಹೋಯಿತು. ಪ್ರವಾಸಕ್ಕೆ ಆರು ವಾರ ಮೊದಲೇ ಕೊಂಡು, ದಿನವೂ ಬೆಳಿಗ್ಗೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲೂ ಭಾನುವಾರಗಳಲ್ಲಿ ಯಳ್ಳೂರಿನ ರಾಜಹಂಸಗಡದ ಏರಿನಲ್ಲೂ ಹಾಕಿಕೊಂಡು ನಡೆಯಬೇಕೆಂದು ತಾಕೀತು ಮಾಡಿದರು. ಹಾಗೆಯೇ ಮಾಡಿದೆವು. ನಾಲ್ವರಲ್ಲಿ ಒಬ್ಬರ ಪಾದಕ್ಕೂ ಗುಳ್ಳೆ ಏಳಲಿಲ್ಲ.

ಸಣ್ಣಪುಟ್ಟ ವಸ್ತುಗಳಲ್ಲೂ ಇದೇ ನಡೆ. ಬ್ಯಾಗಿನೊಳಗೆ ನೀರು ಹೋಗದಂತೆ ಹಾಕುವ ಚೀಲ ಮಾರಾಟಕ್ಕಿದ್ದರೂ, ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಚೆನ್ನಾಗಿ ತೊಳೆದು ಬಳಸಿದರೂ ನಡೆಯುತ್ತದೆ ಎಂದರು. ದಾರಿಯ ತಿನಿಸಿಗೆ ವಿದೇಶಿ ಹೆಸರಿನ ಬಾರ್‌ಗಳ ಬದಲು ಗೋಕಾಕದ ಕರದಂಟನ್ನು ಸೂಚಿಸಿದರು. ಬೆಲ್ಲ, ಅಂಟು, ಒಣಹಣ್ಣು ಇರುವ ಅದು ಚಳಿಯಲ್ಲಿ ಗಟ್ಟಿಯಾಗುವುದರಿಂದ, ಹೊರಡುವ ಮೊದಲೇ ಚಿಕ್ಕ ತುಂಡು ಮಾಡಿ ಜೇಬಿನಲ್ಲಿಟ್ಟುಕೊಳ್ಳಬೇಕು. ಎತ್ತರದ ತೊಂದರೆಗೆ ಕೊಡುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಕೇಳಿದಾಗ, ಅದು ತಮ್ಮ ಕೆಲಸವಲ್ಲ, ನಿಮ್ಮ ಡಾಕ್ಟರರನ್ನು ಕೇಳಿ ಎಂದು ಕಳುಹಿಸಿದರು. ನಮ್ಮ ವೈದ್ಯರು ಸಲ್ಫಾ ಔಷಧಗಳು ಯಾರಿಗಾದರೂ ಒಗ್ಗುವುದಿಲ್ಲವೇ ಎಂದು ಮೊದಲು ವಿಚಾರಿಸಿದರು, ನಾದಿನಿಗೆ ಒಗ್ಗುವುದಿಲ್ಲ. ಅಂಗಡಿಯವರೇ ಮಾತ್ರೆ ಕೊಟ್ಟುಬಿಟ್ಟಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಹತ್ತುವ ದಿನ ನಾವು ಘಾಂಗರಿಯಾ ಬಿಟ್ಟಾಗ ಐದು ಗಂಟೆ ಹತ್ತು ನಿಮಿಷ. ಹಿಂದಿನ ದಿನ ಕಣಿವೆಯಲ್ಲಿ ಓಡಾಡಿದ್ದರಿಂದ ಮೂವರಿಗೆ ಉಸಿರು ಹದಕ್ಕೆ ಬಂದಿತ್ತು. ನಾದಿನಿಗೆ ರಾತ್ರಿಯೇ ಸಣ್ಣಗೆ ತಲೆ ನೋಯುತ್ತಿತ್ತಂತೆ, ಹೇಳಿರಲಿಲ್ಲ. ಎಂಟು ಗಂಟೆಯ ಸುಮಾರಿಗೆ, ದಾರಿ ಅರ್ಧಕ್ಕಿಂತ ಹೆಚ್ಚು ಮುಗಿದಿದ್ದಾಗ, ಆಕೆ ಕಲ್ಲಿನ ಕಟ್ಟೆಗೆ ಕೈಯೂರಿ ನಿಂತಳು, ಎರಡು ಸಲ ವಾಂತಿಯಾಯಿತು. ತಲೆನೋವಿನ ಜೊತೆಗೆ ವಾಂತಿಯಾದರೆ ಇನ್ನು ಒಂದು ಹೆಜ್ಜೆಯನ್ನೂ ಮೇಲಕ್ಕೆ ಇಡಬಾರದು ಎಂದು ಹಾಳೆಯಲ್ಲಿ ಸ್ಪಷ್ಟವಾಗಿತ್ತು. ಆಕೆ ಮಾತ್ರ, "ಸ್ವಲ್ಪ ಕುಂತ್ರ ಹೋಗ್ತೈತಿ ವೈನಿ, ನನ್ನ ಸಲುವಾಗಿ ನೀವು ಯಾಕ ಬಿಡ್ತೀರಿ" ಎನ್ನುತ್ತಲೇ ಇದ್ದಳು. ನಾನು ಜೇಬಿನಿಂದ ಹಾಳೆ ತೆಗೆದು ಆಕೆಯ ಹೆಸರಿನ ಮುಂದೆ ನನ್ನ ಹೆಸರು ಇರುವುದನ್ನು ತೋರಿಸಿದೆ. ಚರ್ಚೆ ಅಲ್ಲಿಗೆ ನಿಂತಿತು. ಗಂಡಸರಿಬ್ಬರೂ ಮೇಲಕ್ಕೆ ಹೋದರು, ನಾವಿಬ್ಬರೂ ಇಳಿದೆವು. ಕೆಳಗಿಳಿಯುತ್ತಾ ಹೋದಂತೆ ಆಕೆಯ ಮುಖಕ್ಕೆ ಬಣ್ಣ ಮರಳಿತು. ಸಂಜೆ ಎರಡು ರೊಟ್ಟಿ ತಿಂದಳು. ಸುಬೇದಾರರ ಸ್ಟೂಲಿನ ಮೇಲೆ ನಾವು ಬರೆದಿದ್ದ ಎರಡು ಹೆಸರುಗಳು ಅಂದು ಮಾಡಿದ ಕೆಲಸವನ್ನು ಯಾವ ಜಾಕೆಟ್ಟೂ ಮಾಡಲಾರದಾಗಿತ್ತು.

ನಾವು ಗೊಣಗುತ್ತಲೇ ಉಳಿಸಿಕೊಂಡಿದ್ದ ಆ ಹೆಚ್ಚುವರಿ ದಿನ ನನ್ನ ಪಾಲಿಗೆ ಬಂತು. ನಾದಿನಿಯ ಬಳಿ ಆಕೆಯ ಪತಿ ಉಳಿದರು. ಯಜಮಾನರು ಎರಡನೆಯ ಸಲ ನನ್ನೊಂದಿಗೆ ಹತ್ತಿದರು. ಮೇಲಿನ ಭಾಗದಲ್ಲಿ ಬಂಡೆಗಳ ಸಂದಿಯಲ್ಲಿ ಬ್ರಹ್ಮಕಮಲಗಳು ಅರಳಿದ್ದವು, ಕಾಗದದಷ್ಟು ತೆಳುವಾದ ತಿಳಿಹಳದಿ ದಳಗಳೊಳಗೆ ನೇರಳೆ ಹೂಗುಚ್ಛವನ್ನು ಮುಚ್ಚಿಟ್ಟುಕೊಂಡು. ಕೊನೆಯಲ್ಲಿ ಮೆಟ್ಟಿಲುಗಳ ನೇರ ದಾರಿಯೂ ಕುದುರೆಗಳು ಹೋಗುವ ಸುತ್ತುದಾರಿಯೂ ಬೇರೆಯಾಗುತ್ತವೆ. ಸುಬೇದಾರರು ಹೇಳಿದಂತೆ ಹತ್ತಲು ಸುತ್ತುದಾರಿಯನ್ನೇ ಹಿಡಿದೆವು. ಹತ್ತಕ್ಕೆ ಐದು ನಿಮಿಷ ಇರುವಾಗ ಸರೋವರದ ದಂಡೆಯಲ್ಲಿದ್ದೆವು. ಸುತ್ತಲಿನ ಏಳು ಶಿಖರಗಳಲ್ಲಿ ಎರಡು ಮಾತ್ರ ಮೋಡದಿಂದ ಹೊರಗಿದ್ದವು. ನೀರು ಅಲುಗುತ್ತಿರಲಿಲ್ಲ. ಒಂದು ಬದಿಗೆ ಲಕ್ಷ್ಮಣನ ಗುಡಿ, ಇನ್ನೊಂದು ಬದಿಗೆ ಗುರುದ್ವಾರ. ಆ ಕೊರೆಯುವ ನೀರಿನಲ್ಲಿ ಮುಳುಗಿ ಎದ್ದ ವೃದ್ಧ ಯಾತ್ರಿಕರು ನಡುಗುತ್ತಾ ಬಂದು ನಮ್ಮ ಪಕ್ಕದಲ್ಲೇ ಕುಳಿತು ಲಂಗರಿನ, ಅಂದರೆ ಗುರುದ್ವಾರದ ಉಚಿತ ಊಟದ ಮನೆಯ, ಬಿಸಿ ಖಿಚಡಿ ಉಂಡರು. ಈ ಜಾಗವನ್ನು 1930ರ ದಶಕದಲ್ಲಿ ಸಂತ ಸೋಹನ್ ಸಿಂಗರೊಡನೆ ಗುರುತಿಸಿದ ಮೋದನ್ ಸಿಂಗ್ ಸೇನೆಯಲ್ಲಿ ಹವಾಲ್ದಾರರಾಗಿದ್ದವರು ಎಂದು ಸುಬೇದಾರರು ಅಭಿಮಾನದಿಂದ ಹೇಳಿದ್ದು ಅಲ್ಲಿ ನೆನಪಾಯಿತು. ಹನ್ನೊಂದೂವರೆಗೆ ಇಳಿಯಲು ಆರಂಭಿಸಿದೆವು.

ಈಗ ಕೊರತೆಗಳನ್ನು ಹೇಳಬೇಕು. ಆ ಇಳಿತದಲ್ಲಿಯೇ ಉದ್ದ ಹೆಚ್ಚುಕಡಿಮೆ ಮಾಡಬಹುದಾದ ನನ್ನ ಬಾಡಿಗೆಯ ಊರುಗೋಲಿನ ಹಿಡಿಕಟ್ಟು ಸಡಿಲವಾಗಿ, ಭಾರ ಹಾಕಿದಾಗ ಕೋಲು ಒಳಕ್ಕೆ ಜಾರಿ ಗಿಡ್ಡವಾಯಿತು. ಮುಗ್ಗರಿಸಿ ಮೊಣಕಾಲು ಕಲ್ಲಿಗೆ ಬಡಿಯಿತು. ಹೆಚ್ಚಿನ ಗಾಯವಾಗಲಿಲ್ಲ. ಆದರೆ ಒದ್ದೆಯ ಕಲ್ಲುಹಾಸಿನಲ್ಲಿ, ಒಂದು ಕಡೆ ಕಣಿವೆಯಿರುವಾಗ, ಇದು ಸಣ್ಣ ಮಾತಲ್ಲ. ಹಿಂದಿರುಗಿ ತಿಳಿಸಿದಾಗ ಸುಬೇದಾರರು ಅದನ್ನು ಅಲ್ಲಿಯೇ ಬಾಡಿಗೆಯ ಸಾಮಾನಿನಿಂದ ತೆಗೆದುಹಾಕಿ, ಕೋಲಿನ ಬಾಡಿಗೆಯನ್ನು ಪೂರ್ತಿ ಮರಳಿಸಿ, ಎರಡು ಸಲ ಕ್ಷಮೆ ಕೇಳಿದರು. ಬೂಟಿಗೆ ಹಲಗೆಯಿಟ್ಟು ಪರೀಕ್ಷಿಸುವ ಅಂಗಡಿಯಲ್ಲಿ ಕೋಲನ್ನೂ ಕೊಡುವ ಮೊದಲು ಭಾರ ಹಾಕಿ ನೋಡಬೇಕಿತ್ತು ಎಂದು ಅವರಿಗೆ ನೇರವಾಗಿಯೇ ಹೇಳಿದ್ದೇನೆ. ನೀವು ಹೋದಾಗ ಕೋಲನ್ನು ನಿಮ್ಮ ಎತ್ತರಕ್ಕೆ ಹೊಂದಿಸಿ, ಬಿಗಿಮಾಡಿ, ಇಡೀ ಮೈಭಾರ ಹಾಕಿ ಒತ್ತಿನೋಡದೆ ತರಬೇಡಿ.

ಹೆಂಗಸರ ಅಳತೆಯ ಜಾಕೆಟ್‌ಗಳು ತೀರ ಕಡಿಮೆ. ನಾದಿನಿಗೆ ಸಿಕ್ಕಿದ್ದರ ತೋಳು ಅಂಗೈಯನ್ನು ಮುಚ್ಚುತ್ತಿತ್ತು, ಮಡಚಿಕೊಂಡೇ ನಡೆದಳು. ಇನ್ನೊಂದು ದೂರು ನನಗೆ ಇದಕ್ಕಿಂತ ಮುಖ್ಯವಾದದ್ದು: ಆ ಅಮೂಲ್ಯವಾದ ಹಾಳೆಯ ಅಚ್ಚಾದ ಭಾಗವೆಲ್ಲ ಇಂಗ್ಲಿಷಿನಲ್ಲಿದೆ. ತಲೆಸುತ್ತುತ್ತಿರುವವರು, ಗಾಬರಿಯಾದವರು ಓದಬೇಕಾದ ಕಾಗದವು ಅವರು ಮನೆಯಲ್ಲಿ ಆಡುವ ಮಾತಿನಲ್ಲಿರಬೇಕು. ನಾನು ಹೊರಡುವ ಮೊದಲೇ ಅದನ್ನು ಕನ್ನಡದಲ್ಲಿ ನಾಲ್ಕು ಪ್ರತಿ ಬರೆದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿದ್ದೆ. ಆ ಪ್ರತಿಯೊಂದನ್ನು ಅಂಗಡಿಗೂ ಕೊಟ್ಟು ಬಂದಿದ್ದೇನೆ. ಅಚ್ಚು ಹಾಕಿಸುವುದಾಗಿ ಹೇಳಿದ್ದಾರೆ.

ಅವರು ತಾವು ಸ್ವತಃ ನಡೆದ ಕೆಲವೇ ದಾರಿಗಳಿಗೆ ಯೋಜನೆ ಬರೆದುಕೊಡುತ್ತಾರೆ, ಮಿಕ್ಕವಕ್ಕೆ ಸಾಮಾನು ಮಾತ್ರ. ಹೇಮಕುಂಡದ ದಾರಿ ಸಾಮಾನ್ಯವಾಗಿ ಮೇ ಕೊನೆಯ ವೇಳೆಗೆ ತೆರೆದು ಅಕ್ಟೋಬರಿನಲ್ಲಿ ಮುಚ್ಚುತ್ತದೆ. ಜೂನ್‌ನಲ್ಲಿ ಹೋಗುವವರಿಗೆ ದಾರಿಯಲ್ಲಿ ಹಿಮ ಉಳಿದಿರುವುದರಿಂದ ಬೂಟಿಗೆ ಕಟ್ಟುವ ಮುಳ್ಳುಪಟ್ಟಿ ಬೇಕಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬದರೀನಾಥದ ಹೆದ್ದಾರಿಯಲ್ಲಿ ಗುಡ್ಡ ಕುಸಿಯುವುದು ಹೆಚ್ಚಾದ್ದರಿಂದ ಕೈಯಲ್ಲಿ ಒಂದರ ಬದಲು ಎರಡು ದಿನ ಇಟ್ಟುಕೊಳ್ಳಿ ಎನ್ನುತ್ತಾರೆ. ಉತ್ತರಾಖಂಡ ಸರ್ಕಾರದ ಯಾತ್ರಾ ನೋಂದಣಿಯನ್ನು ನಾವೇ ಮಾಡಿಕೊಳ್ಳಬೇಕು, ಅಂಗಡಿಯವರು ಮಾಡುವುದಿಲ್ಲ. ಬಾಡಿಗೆಯ ಜೊತೆಗೆ ಠೇವಣಿಯನ್ನೂ ಇಡಬೇಕು. ಸಾಮಾನನ್ನು ತೊಳೆದು ಒಣಗಿಸಿ ತಂದರೆ ಆ ಹಣವನ್ನು ಆಗಲೇ ಎಣಿಸಿ ಕೊಡುತ್ತಾರೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ. ಶನಿವಾರ ಸಂಜೆ ದಾಂಡೇಲಿಗೆ ಹೊರಟ ಹುಡುಗರ ಗದ್ದಲವಿರುವುದರಿಂದ ಕುಳಿತು ಮಾತನಾಡಲು ಆಗುವುದಿಲ್ಲ. ವಾರದ ನಡುವೆ, ನಾಲ್ಕು ಗಂಟೆಗೆ ಬಾಗಿಲು ತೆರೆಯುತ್ತಿದ್ದಂತೆ, ನಿಮ್ಮ ಜೊತೆ ಹತ್ತುವವರೆಲ್ಲರನ್ನೂ ಕರೆದುಕೊಂಡು ಹೋಗಿ.